ಉತ್ತರ ದಿಕ್ಕಿನ ದಿಂಬು

ಆಸ್ಪತ್ರೆಯಿಂದ ಫೋನ್ ಬರದಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ನಮಗೆ ಹೇಳಿದ್ದು ಇಷ್ಟೇ. ನಾನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆನೆಂದರೆ ಬೆಳಿಗ್ಗೆ ಎದ್ದು ದೇವರ ಮುಖ ನೋಡುವ ಮೊದಲು ಫೋನಿನ ಮುಖ ನೋಡುತ್ತಿದ್ದೆ. ಅಲ್ಲಿ ಗ್ಯಾಸಿನವನದೋ, ಫ್ಲ್ಯಾಟ್ ಬೇಕೇ ಎಂದು ಪೀಡಿಸುವವರದೋ ಕರೆ ಇದ್ದರೆ ಅವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು ಏಳುತ್ತಿದ್ದೆ.

ಆ ದಿನ ನಾನು ಕೆಲಸ ಮಾಡುವ ಪುಣೆಯ ಮಗರಪಟ್ಟಾದ ಹೌಸಿಂಗ್ ಸೊಸೈಟಿ ಆಫೀಸಿನಲ್ಲಿ ಪಾರ್ಕಿಂಗ್ ಜಾಗಕ್ಕಾಗಿ ಕಾಲು ಕೆರೆದು ಜಗಳಕ್ಕೆ ಬಂದ ಮಹಾಶಯನೊಬ್ಬನಿಗೆ ಮರಾಠಿಯಲ್ಲಿ ಚೆನ್ನಾಗಿ ಬಿಸಿ ಮುಟ್ಟಿಸುತ್ತಿದ್ದೆ. ಜಗಳದಲ್ಲಿ ನಾನು ಸೋತವಳಲ್ಲ. ಆಗ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. 'ಆಸ್ಪತ್ರೆ' ಎಂದು ಹೆಸರು ಬಂತು. ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಕೈ ಚಾಚಿದೆ, ಆದರೆ ಎತ್ತಲಿಲ್ಲ. ಎತ್ತದಿದ್ದರೆ ಅವರು ಹೇಳಬೇಕೆಂದಿರುವುದು ಇನ್ನೂ ಆಗಿಲ್ಲ ಎಂದು ನನ್ನ ಲೆಕ್ಕ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮಹಾಶಯ ತಾನೇ ಗೆದ್ದೆನೆಂದುಕೊಂಡು ಎದೆಯುಬ್ಬಿಸಿ ಹೊರಟುಹೋದ. ನಾನು ಪರ್ಸು ಎತ್ತಿಕೊಂಡು, ಯಾರಿಗೂ ಹೇಳದೆ, ಸ್ಕೂಟರ್ ಹತ್ತಿ ಮನೆಯ ಕಡೆ ತಿರುಗಿಸಿದೆ.

ನನ್ನ ಗಂಡ ಋಷಿಕೇಶ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಊರಿನ ಎಷ್ಟೋ ಎತ್ತರದ ಕಟ್ಟಡಗಳ ಲಿಫ್ಟುಗಳ ಹೊಟ್ಟೆ ಬಗೆದು ನೋಡಿದವರು. ಹೋದ ವರ್ಷ ಒಂದು ಸಂಜೆ ಕೊಂಢವಾದ ನಮ್ಮದೇ ಕಟ್ಟಡದ ಲಿಫ್ಟಿನಲ್ಲಿ ನಿಂತು, ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ, ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದರು. ವಾಚ್‌ಮನ್ ಅವ್ವಣ್ಣ ಕೈಹಿಡಿದು ತಂದು ಬಾಗಿಲಲ್ಲಿ ಬಿಟ್ಟ. "ಸಾಹೇಬ್ರು ಯಾಕೋ ಮನಿ ಮರ್ತಾರ್ರಿ ವೈನಿ" ಎಂದು ನಗಲು ಹೋಗಿ, ನನ್ನ ಮುಖ ನೋಡಿ ತಿರುಗಿ ಲಿಫ್ಟಿಗೆ ಹೋದ.

ಮಿದುಳಿನಲ್ಲಿ ಗಡ್ಡೆ. ಕ್ಯಾನ್ಸರಿನದು. ಆಪರೇಷನ್ ಆಯಿತು, ರೇಡಿಯೇಷನ್ನಿನ ಕರೆಂಟು ಕೊಟ್ಟರು, ವಾಂತಿ ತರಿಸುವ ಮಾತ್ರೆಗಳು ಆದವು. ಕೊನೆಗೆ ಡಾಕ್ಟರು ಎದುರಿಗೆ ಕೂಡಿಸಿಕೊಂಡು, ಕಣ್ಣಿಗೆ ಕಾಣುವಷ್ಟನ್ನೂ ತೆಗೆದಿದ್ದೇವೆ, ಆದರೆ ಈ ಜಾತಿಯದು ತಿರುಗಿ ಬರುತ್ತದೆ ಎಂದರು. ಬರಬಹುದು ಎನ್ನಲಿಲ್ಲ. ಆ ಒಂದು ಮಾತಿನ ಮೇಲೆ ಅವರೊಡನೆ ಜಗಳವಾಡಬೇಕೆಂದು ನನಗೆ ಇವತ್ತಿಗೂ ಅನಿಸುತ್ತದೆ. ಬೇಗ ಗೊತ್ತಾದರೆ ಔಷಧಕ್ಕೆ ಬಗ್ಗುತ್ತದೆ, ತಡವಾದರೆ ಬಗ್ಗುವುದಿಲ್ಲ, ಅದಕ್ಕಾಗಿ ನಮ್ಮಲ್ಲೊಂದು ಹೊಸ ಯಂತ್ರದ ಪ್ರಯೋಗ ನಡೆದಿದೆ, ಸೇರುತ್ತೀರಾ ಎಂದು ಕೇಳಿದರು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ಹೂಂ ಅಂದೆವು.

ಗಡ್ಡೆ ತೆಗೆದ ಜಾಗದಲ್ಲಿ ಕೂದಲಿನಂಥ ಒಂದು ತಂತಿ, ಬಲಗಿವಿಯ ಮೇಲೆ ಚರ್ಮದ ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ. ಆ ಜಾಗದಲ್ಲಿ ಕೆಟ್ಟದ್ದು ಮತ್ತೆ ಮೊಳೆತರೆ ಅಲ್ಲಿನ ನೀರಿನಲ್ಲಿ ಅದರ ಗುರುತು ಸೇರುತ್ತದಂತೆ. ಸ್ಕ್ಯಾನಿಗೆ ಕಾಣುವ ಎಷ್ಟೋ ಮೊದಲೇ ಬಿಲ್ಲೆಗೆ ಅದು ತಿಳಿಯುತ್ತದಂತೆ. ಅವರು ಮಲಗಿದಾಗ ಬಿಲ್ಲೆ ಗೋಡೆಯ ಮೇಲಿನ ಡಬ್ಬಿಗೆ ಹೇಳುತ್ತದೆ, ಡಬ್ಬಿ ಆಸ್ಪತ್ರೆಗೆ ಹೇಳುತ್ತದೆ. ಹೆಚ್ಚುಕಡಿಮೆಯಾದರೆ ಆಸ್ಪತ್ರೆ ನಮಗೆ ಹೇಳುತ್ತದೆ. "ನೋಡಲೇ ಭಾಮಾ, ನನಗೂ ಓವರ್‌ಲೋಡ್ ಅಲಾರ್ಮ್ ಕೂಡಿಸಿಬಿಟ್ರು" ಎಂದು ನನ್ನ ಗಂಡ ನಕ್ಕರು. ಬೋಳು ತಲೆ, ಹೊಲಿಗೆಯ ಗುರುತು, ಮೇಲೆ ಈ ನಗು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಡಬ್ಬಿ ಕೂಡಿಸಲು ಮುಂಬೈನಿಂದ ಒಬ್ಬಾತ ಬಂದ. ನಮ್ಮ ಮಲಗುವ ಕೋಣೆ ಮಂಚ ಹಾಕಿದರೆ ಮುಗಿದುಹೋಗುವಷ್ಟು. ಪ್ಲಗ್ಗೂ ನೆಟ್ಟಿನ ತಂತಿಯೂ ಇರುವುದು ಉತ್ತರದ ಗೋಡೆಯಲ್ಲಿ ಮಾತ್ರ. ಆತ ಅಲ್ಲೇ ಸ್ಕ್ರೂ ಹೊಡೆದು ಬಿಗಿದ. ತಲೆ ಈ ಕಡೆ ಇರಲಿ, ಡಬ್ಬಿಯನ್ನು ನೀವು ಮುಟ್ಟಬೇಡಿ ಎಂದು ಹೇಳಿ, ಚಹಾ ಕುಡಿದು, ಹಸಿರು ದೀಪ ಹೊತ್ತಿಸಿ ಹೋದ. ಆಗ ಓಣಿಯಲ್ಲಿ ಗಣಪತಿಯ ಮಂಟಪ ಎದ್ದಿತ್ತು, ಹುಡುಗರು ಢೋಲು ಬಡಿಯುತ್ತಿದ್ದರು.

ಸ್ವಲ್ಪ ದಿನ ಆತ ಹೇಳಿದಂತೆಯೇ ನಡೆಯಿತು. ನನ್ನ ಅತ್ತೆ ವರದಾಬಾಯಿ ಧಾರವಾಡದಿಂದ ಇಲ್ಲಿಗೆ ಬಂದು ವರ್ಷಗಳೇ ಆದರೂ ಪುಣೆಯ ನೀರಿಗೆ ಇವತ್ತಿಗೂ ಹೆಸರಿಡುವವರು. ಮಗನ ಕೋಣೆಗೆ ಅವರು ಸಾಮಾನ್ಯವಾಗಿ ಹೋಗುವುದಿಲ್ಲ. ಹಬ್ಬದ ಮರುದಿನ ಮೋದಕದ ತಟ್ಟೆ ಹಿಡಿದು ಒಳಗೆ ಬಂದವರು ಮಂಚ ನೋಡಿ, ದಿಂಬು ನೋಡಿ, ನಿಂತಲ್ಲೇ ನಿಂತರು.

"ಋಷ್ಯಾ, ಉತ್ತರಕ್ಕ ತಲಿ ಮಾಡಿ ಮಲಗ್ತೀಯೇನು?"

"ಡಬ್ಬಿ ಆ ಕಡೆ ಅದ ಅವ್ವಾ."

"ಡಬ್ಬಿ ಇದ್ರ ಇರಲಿ. ಗಣಪತಿಗೆ ತಲಿ ತರಲಿಕ್ಕೆ ಹೋದ್ರಲ್ಲ ಶಿವನ ಗಣಗಳು, ಅವರು ಯಾರ ತಲಿ ಕಡದು ತಂದ್ರು? ಉತ್ತರಕ್ಕ ತಲಿ ಮಾಡಿ ಮಲಗಿದ್ದ ಆನಿದು. ಆನಿ ಏನು ಪಾಪಾ ಮಾಡಿತ್ತು? ಮಲಗಿತ್ತು, ಅಷ್ಟ."

"ಅತ್ಯಾ, ಮೋದಕ ಕೊಟ್ಟು ಹೋಗ್ರಿ" ಎಂದೆ ನಾನು. ನನಗೆ ಸಿಟ್ಟು ಬಂದಿತ್ತು. ಈ ಕಥೆಯನ್ನು ಎಲ್ಲರಂತೆ ನಾನೂ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವಳು. ಆದರೆ ಅದನ್ನು ತಲೆ ಕೊಯ್ಯಿಸಿಕೊಂಡು ಬಂದವರ ಮುಂದೆ ಹೇಳುವುದೇ? ಅವರು ನಗುತ್ತಾರೆಂದುಕೊಂಡು ಗಂಡನ ಕಡೆ ನೋಡಿದೆ. ಅವರು ನಕ್ಕರು ನಿಜ. ಕೈ ಮಾತ್ರ ತಾನಾಗಿಯೇ ಹೊಲಿಗೆಯ ಮೇಲೆ ಹೋಗಿತ್ತು.

ಅಂದು ಹಾಸಿಗೆ ಹಾಸುವಾಗ ಅವರೇ ದಿಂಬನ್ನು ಎತ್ತಿ ದಕ್ಷಿಣದ ಕಡೆ ಇಟ್ಟರು. "ಅವ್ವನ ಮನಸ್ಸಿಗ್ಯಾಕ ನೋವು? ಆರು ಫೂಟು ಅಂದ್ರ ಏನ್ ಮಹಾ ದೂರ? ನಮ್ಮ ವೈಫೈ ಬಚ್ಚಲತನಾ ಬರ್ತದ. ನೋಡು, ಹಸಿರು ದೀಪಾ ಹತ್ತೇ ಅದ" ಎಂದರು. ಯಂತ್ರದ ವಿಷಯದಲ್ಲಿ ಈ ಮನೆಯಲ್ಲಿ ಅವರದೇ ಕೊನೆಯ ಮಾತು. ನಾನೂ ಹೂಂ ಎಂದು ನನ್ನ ದಿಂಬು ಎತ್ತಿಕೊಂಡೆ. ಅತ್ತೆಯ ಬಾಯಿಗೆ ಹೆದರಿ ಅಲ್ಲ, ಆ ಆನೆಗೆ ಹೆದರಿ.

ಆಮೇಲೆ ಗಣಪತಿ ಹೋದ, ದಸರೆ ಹೋಯಿತು, ದೀಪಾವಳಿಯ ಚಕ್ಕುಲಿ ಶಂಕರಪಾಳಿ ಅಂಗಡಿಗಳಿಗೆ ಬಂದವು. ಫೋನು ಬರಲಿಲ್ಲ. ದಿನ ಹೋದಂತೆ ನನ್ನ ಜೀವ ಸ್ವಲ್ಪ ಸ್ವಲ್ಪವೇ ತಣ್ಣಗಾಗುತ್ತ ಬಂದಿತ್ತು. ಗಂಡ ಅರ್ಧ ದಿನ ಕೆಲಸಕ್ಕೂ ಹೋಗಿ ಬರುತ್ತಿದ್ದರು. ಹೋದ ವಾರವಂತೂ ನಾನು ಹಾಡು ಗುನುಗಿಕೊಂಡು ಒಗ್ಗರಣೆ ಹಾಕಿದೆನೆಂದು ಅತ್ತೆ ಹೇಳಿದರು.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ನಾನು ಕೊಂಢವಾಕ್ಕೆ ಹೇಗೆ ಬಂದೆನೋ ನನಗೆ ತಿಳಿಯದು. ನಮ್ಮ ಕಟ್ಟಡದ ಕೆಳಗೆ ಸ್ಕೂಟರ್ ನಿಲ್ಲಿಸಿದೆ. ಪಕ್ಕದ ಹೊಸ ಕಟ್ಟಡಕ್ಕೆ ಕಾಂಕ್ರೀಟು ಹಾಕುತ್ತಿದ್ದರು, ಮಿಕ್ಸರ್ ಗರಗರ ಎನ್ನುತ್ತಿತ್ತು. ಮೇಲೆ ಹೋಗಿ ಅವರ ಮುಖ ನೋಡುವ ಮೊದಲು ವಿಷಯ ತಿಳಿದಿರಬೇಕೆನಿಸಿತು. ಮೀಟರ್ ಪೆಟ್ಟಿಗೆಗಳ ಹಿಂದೆ ಹೋಗಿ ನಿಂತು, ಫೋನು ತಿರುಗಿಸಿದೆ. ಎರಡು ಸಲ ತಪ್ಪು ಹೆಸರು ಒತ್ತಿದೆ.

ಎತ್ತಿದವಳು ಪೂರ್ವಾ ಎಂಬ ಹುಡುಗಿ. ಪ್ರಯೋಗದ ಕೆಲಸ ನೋಡುತ್ತಿದ್ದ ಮೊದಲಿನವಳು ನೌಕರಿ ಬಿಟ್ಟಳಂತೆ, ಇವಳು ಈ ವಾರ ಬಂದವಳು. ಮರಾಠಿಯಲ್ಲಿ ಮಾತಾಡಿದಳು.

"ಭಾಮಾತಾಯಿ, ಋಷಿಕೇಶ ಸರ್ ಊರಲ್ಲಿಲ್ಲವೇ?"

"ಇದ್ದಾರೆ. ಏನಾಯಿತು? ಬಂದಿತೇ? ಹೇಳಿಬಿಡು."

"ಏನು ಬಂತು? ಏನೂ ಬಂದಿಲ್ಲ, ಅದಕ್ಕೇ ಫೋನ್ ಮಾಡಿದೆ. ಗಣಪತಿ ಹಬ್ಬ ಆದಾಗಿನಿಂದ ಅವರ ಒಂದು ರೀಡಿಂಗೂ ಇಲ್ಲ."

ಏನೂ ಬಂದಿಲ್ಲ ಎಂಬುದಷ್ಟೇ ಮೊದಲು ಕಿವಿಗೆ ಬಿತ್ತು. ಮೀಟರ್ ಪೆಟ್ಟಿಗೆಗೆ ಒರಗಿ ಉಸಿರು ಬಿಟ್ಟೆ. ಕೈಯೆತ್ತಿ ಅವಳಿಗೆ ನೂರು ವರ್ಷ ಆಯುಷ್ಯ ಹರಸಬೇಕೆನಿಸಿತು. ಆಮೇಲೆ ಉಳಿದ ಮಾತು ನಿಧಾನವಾಗಿ ಒಳಗೆ ಇಳಿಯಿತು.

"ಆದರೆ ಹಸಿರು ದೀಪ ಇದೆಯಲ್ಲ?"

"ಅದು ಡಬ್ಬಿಗೆ ಕರೆಂಟು ಇದೆ ಎನ್ನುವ ದೀಪ, ತಾಯಿ. ಅವರು ಎಲ್ಲಿ ಮಲಗುತ್ತಾರೆ? ತಲೆ ಡಬ್ಬಿಯಿಂದ ಒಂದು ಮೊಳದೊಳಗೆ ಇರಬೇಕು."

ನಾನು ಹೇಳಿದೆ. ದಿಕ್ಕಿನ ವಿಷಯವನ್ನೂ ಹೇಳಿದೆ. ಅವಳು ಪಾಪ, ನಗಲಿಲ್ಲ. ಅವಳ ಮನೆಯಲ್ಲೂ ಅಜ್ಜಿ ಇರಬೇಕು.

"ಹಾಗಾದರೆ ಇಷ್ಟು ದಿನ..." ಎಂದೆ.

"ಇಷ್ಟು ದಿನದ್ದು ನಮಗೆ ಗೊತ್ತಿಲ್ಲ. ಮೊದಲೇ ನೋಡಬೇಕಿತ್ತು, ತಪ್ಪು ನಮ್ಮದೂ ಇದೆ. ಈಗ ರಾತ್ರಿಯತನಕ ಕಾಯುವುದು ಬೇಡ. ಈಗಲೇ ಮಲಗಿಸಿ. ಅಲುಗಾಡದೆ ಎರಡು ತಾಸು ಮಲಗಿದರೆ ಸಾಕು, ನಾನು ಇಲ್ಲಿ ಕೂತು ನೋಡುತ್ತೇನೆ."

"ಡಬ್ಬಿ ಬಿಚ್ಚಿ ಈಚೆ ಗೋಡೆಗೆ ಹಾಕಿದರೆ?"

"ಬಿಚ್ಚಿದರೆ ಜೋಡಣೆ ತಪ್ಪುತ್ತದೆ. ಮುಂಬೈನವರು ದೀಪಾವಳಿ ಮುಗಿಯುವವರೆಗೆ ಬರುವುದಿಲ್ಲ. ಇವತ್ತಿಗೆ ಅಲ್ಲಿಯೇ, ತಾಯಿ."

ಲಿಫ್ಟ್ ಹತ್ತಿದೆ. ಇಷ್ಟು ದಿನ ಯಾರೋ ಕಾವಲಿದ್ದಾರೆಂದು ನಾವು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೆವು. ಕಾವಲಿನವರು ಯಾರೂ ಇರಲಿಲ್ಲ. ಬೇಗ ಗೊತ್ತಾದರೆ ಬಗ್ಗುತ್ತದೆ, ತಡವಾದರೆ ಬಗ್ಗುವುದಿಲ್ಲ ಎಂದಿದ್ದರು ಡಾಕ್ಟರು. ಆ ಬೇಗ ಎನ್ನುವುದು ಎಲ್ಲಿ ಮುಗಿಯಿತು? ದಸರೆಯ ಬನ್ನಿ ಹಂಚುವಾಗಲೋ, ನಾನು ಹಾಡು ಗುನುಗಿದ ದಿನವೋ? ಊಟದ ತಟ್ಟೆಯ ಮುಂದೆ ಅವರು ಚಪಾತಿಯ ಹೆಸರು ನೆನಪಾಗದೆ "ಅದ... ದುಂಡಂದು ಕೊಡು" ಎಂದದ್ದು ನೆನಪಾಯಿತು. ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹಸಿರು ದೀಪದ ಧೈರ್ಯದ ಮೇಲೆ ನಕ್ಕಿದ್ದೆ. ಈಗ ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಲಾಗಲಿಲ್ಲ.

ಬಾಗಿಲು ತೆಗೆದಾಗ ಗಂಡ ನೆಲದ ಮೇಲೆ ಕೂತು ಕೆಟ್ಟ ಮಿಕ್ಸರ್ ಬಿಚ್ಚಿ ಹರವಿಕೊಂಡಿದ್ದರು. ಅತ್ತೆ ಬತ್ತಿ ಹೊಸೆಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಕೈಯ ಸ್ಕ್ರೂಡ್ರೈವರ್ ನಿಂತಿತು.

"ಫೋನ್ ಬಂತೇನು?" ಎಂದರು.

"ಬಂತ್ರಿ. ಕೆಟ್ಟದ್ದೇನಲ್ಲ. ಒಳ್ಳೇದೂ ಅಲ್ಲ. ಡಬ್ಬಿಗೆ ನಿಮ್ಮ ತಲಿ ಮುಟ್ಟೇ ಇಲ್ಲಂತ. ಗಣಪತಿ ಕೂಡಿಸಿದಾಗಿಂದ ಅದಕ್ಕ ಏನೂ ಗೊತ್ತಿಲ್ಲಂತ."

ಅವರು ಸ್ಕ್ರೂಡ್ರೈವರನ್ನು ಮಿಕ್ಸರಿನ ಬಿಡಿಭಾಗಗಳ ನಡುವೆ ಇಟ್ಟರು. "ದೀಪಾ ಹತ್ತಿತ್ತಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. "ಲಿಫ್ಟಿನಾಗೂ ದೀಪಾ ಹತ್ತತದ, ಹಗ್ಗಾ ಕಡದ್ರೂ ಹತ್ತತದ. ನನಗ ಇದು ಹೊಳೀಲಿಲ್ಲ ನೋಡು." ಅವರ ತುಟಿ ಬೆಳ್ಳಗಾಗಿತ್ತು. ಆಪರೇಷನ್ ಕೋಣೆಗೆ ಒಯ್ಯುವಾಗಲೂ ಅವರಿಗೆ ಇಷ್ಟು ಹೆದರಿಕೆಯಾದದ್ದನ್ನು ನಾನು ಕಂಡಿರಲಿಲ್ಲ.

ಅತ್ತೆ ಬತ್ತಿಯ ತಟ್ಟೆ ಪಕ್ಕಕ್ಕಿಟ್ಟರು. "ಈಗ ಏನ್ ಮಾಡ್ಬೇಕಂತ?"

"ಆ ಕಡೆ ತಲಿ ಮಾಡಿ ಮಲಗಬೇಕಂತ್ರಿ, ಈಗಿಂದೀಗ."

"ಅಡ್ಡ ಮಲಗಲಿ. ಮೂಡಣಕ್ಕ ತಲಿ ಮಾಡಿ ಅಡ್ಡ ಮಲಗಿದ್ರೂ ಗ್ವಾಡಿಗೆ ಹತ್ರಾಗ್ತದ."

"ಅಡ್ಡ ಮಲಗಿದ್ರ ಕಾಲು ಮಡಚಬೇಕು ಅವ್ವಾ. ಎರಡು ತಾಸು ಅಲಗಾಡಬಾರದಂತ."

"ಹಂಗಾರ ಹಬ್ಬಾ ಆಗ್ಲಿ. ಡಬ್ಬಿ ಕೂಡಿಸಿದಂವಾ ಬರಲಿ. ಹಬ್ಬದ ಹೊತ್ತಿನಾಗ ಉತ್ತರಕ್ಕ ತಲಿ ಬ್ಯಾಡ, ಋಷ್ಯಾ. ನಿನ್ನ ಕಾಲು ಬೀಳ್ತೀನಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಿಮ್ಮ ಆನಿ ಕಥಿ ಕೇಳೇ ಇಲ್ಲೀತನಾ ಬಂದೇವ್ರಿ ಅತ್ಯಾ! ಇನ್ನೊಂದು ದಿನಾ ಹೋತಂದ್ರ ಯಾರ ಕಾಲು ಬೀಳ್ತೀರಿ? ಯಾರು ಉಳಿಸಿಕೊಡ್ತಾರ?" ಎಂದು ಕಿರುಚಿದೆ. ಮಿಕ್ಸರಿನ ಒಂದು ತಿರುಪು ಉರುಳಿಕೊಂಡು ಹೋಗಿ ಕಪಾಟಿನ ಕೆಳಗೆ ಸೇರಿತು. ಯಾರೂ ಎತ್ತಲಿಲ್ಲ.

ಅತ್ತೆ ಗೋಡೆ ಹಿಡಿದು ಎದ್ದು, ಕೋಣೆಗೆ ಹೋಗಿ, ದಕ್ಷಿಣದ ಕಡೆಯಿದ್ದ ಮಗನ ದಿಂಬನ್ನು ತಾವೇ ಎತ್ತಿ ಡಬ್ಬಿಯ ಕೆಳಗೆ ಇಟ್ಟರು. ಒಮ್ಮೆ ಸೆರಗಿನಿಂದ ಒರೆಸಿದರು. "ಬಾ, ಮಲಗು" ಎಂದರು.

ಗಂಡ ಹೋಗಿ ಮಲಗಿದರು. ಬಲಗಿವಿ ಡಬ್ಬಿಯ ಕಡೆ ಬರುವಂತೆ ನಾನು ಅವರ ತಲೆಯನ್ನು ಹೊಂದಿಸಿದೆ. ಬಿಲ್ಲೆ ಬೆರಳಿಗೆ ಸಿಕ್ಕಿತು, ಚರ್ಮದ ಕೆಳಗೆ ಗಟ್ಟಿಯಾಗಿ, ಸ್ವಲ್ಪ ಬೆಚ್ಚಗೆ. ಪೂರ್ವಾಗೆ ಫೋನ್ ಮಾಡಿ ಮಲಗಿದ್ದಾರೆ ಎಂದೆ. ಸಿಗ್ನಲ್ ಸಿಕ್ಕಿತು, ಇನ್ನು ಅಲುಗಾಡದಿರಲಿ ಎಂದಳು. ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ತಮ್ಮ ಚಾಪೆ ತಂದು, ಮಂಚಕ್ಕೂ ಬಾಗಿಲಿಗೂ ನಡುವೆ ಇದ್ದ ಇಕ್ಕಟ್ಟಾದ ಜಾಗದಲ್ಲಿ ಹಾಸುತ್ತಿದ್ದರು. ನೋಡನೋಡುತ್ತಿದ್ದಂತೆ ಉತ್ತರದ ಗೋಡೆಗೆ ತಲೆ ಕೊಟ್ಟು ಮಲಗಿಬಿಟ್ಟರು.

"ಏನ್ ಮಾಡ್ಲಿಕ್ಕತ್ತೀರಿ ಅತ್ಯಾ?"

"ಕಾಣಸೂದಿಲ್ಲೇನು? ಅಡ್ಡಾಗೇನಿ."

"ಅದೂ ಉತ್ತರನ ಆತಲ್ರಿ."

"ಗೊತ್ತದ ನನಗ. ಬಾಗಲಾ ಈ ಕಡೆ ಅದ. ತಲಿ ಹುಡುಕ್ಕೋತ ಬಂದವರಿಗೆ ಮೊದಲ ನನ್ನದು ಸಿಗಲಿ."

ಮಂಚದ ಮೇಲಿನಿಂದ "ಅವ್ವಾ" ಎಂದು ಒಂದು ದನಿ ಬಂತು. "ಅಲಗಾಡಬ್ಯಾಡ, ಸುಮ್ನ ಮಲಗು" ಎಂದರು ಅತ್ತೆ. ಅವರು ಕಣ್ಣು ಮುಚ್ಚಿದ್ದರು. ಎಪ್ಪತ್ತೆಂಟರ ಮುದುಕಿ, ಬೆನ್ನು ನೋವೆಂದು ಹಾಸಿಗೆಯ ಮೇಲೇ ಮಗ್ಗುಲಾಗಲು ಕಷ್ಟಪಡುವವರು, ಬರಿಯ ಚಾಪೆಯ ಮೇಲೆ ಯಾರಿಗೋ ಕಾಯುತ್ತ ಮಲಗಿದ್ದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದು ಹೋದ ಮೇಲೆ ಉಳಿದದ್ದು ಹೆದರಿಕೆಯೊಂದೇ. ಸಿಟ್ಟಿದ್ದಾಗಲೇ ಮೇಲಿತ್ತು.

ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಕಾಲ್ದೆಸೆಯಲ್ಲಿ ಕೂತೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಗಂಡನ ಪಾದಗಳ ಮೇಲೆ ಬಿದ್ದಿತ್ತು. ಅವರಿಗೆ ನಿದ್ದೆ ಹತ್ತಿತು. ಮೊದಲಾದರೆ ಇಂಥ ಹೊತ್ತಿಗೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲವಲ್ಲ ಎಂದು ಯೋಚನೆ ಬಂತು. ಅವರ ಎಡಗೈ ಬೆರಳೊಂದು ಅಲುಗಿತು, ಅದಕ್ಕೂ ಯೋಚನೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಎಲ್ಲರ ಬಾಯಿಯೂ ನಿದ್ದೆಯಲ್ಲಿ ತೆರೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ದೇವರ ಹೆಸರು ಹೇಳಲು ಹೋದರೆ ಗಣಪತಿಯದೇ ನಾಲಿಗೆಗೆ ಬಂತು, ಅವನ ತಲೆ ಎಲ್ಲಿಂದ ಬಂತೆಂಬುದು ನೆನಪಾಗಿ ಅರ್ಧಕ್ಕೇ ಬಿಟ್ಟೆ.

ಫೋನು ಬಂದಾಗ ಈ ಸಲ ಮೊದಲ ಗಂಟೆಗೇ ಎತ್ತಿದೆ.

"ರೀಡಿಂಗ್ ಚೆನ್ನಾಗಿ ಸಿಕ್ಕಿದೆ ತಾಯಿ" ಎಂದಳು ಪೂರ್ವಾ. "ಆದರೆ ಗಣಪತಿ ಹಬ್ಬದ ಮುಂಚಿನದಕ್ಕಿಂತ ಏರಿದೆ. ತುಂಬ ಅಲ್ಲ. ಡಾಕ್ಟರಿಗೆ ತೋರಿಸಿದೆ. ನಾಳೆ ಬೆಳಿಗ್ಗೆ ಸ್ಕ್ಯಾನಿಗೆ ಕರೆದುಕೊಂಡು ಬನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಸಾಧ್ಯವಾದಷ್ಟು ಹೊತ್ತು ಅಲ್ಲೇ, ಹಾಗೇ ಮಲಗಿರಲಿ. ಇನ್ನಷ್ಟು ರೀಡಿಂಗ್ ಬೇಕು."

"ತಡವಾಯಿತೇ?"

"ಅದನ್ನು ನಾನು ಹೇಳಲಾರೆ, ತಾಯಿ. ಯಾವಾಗ ಏರಿತೆಂದು ಗೊತ್ತಿದ್ದರೆ ಹೇಳಬಹುದಿತ್ತು."

ಫೋನು ಕೆಳಗಿಟ್ಟೆ. ಗಂಡನಿಗೆ ಎಚ್ಚರವಾಗಿರಲಿಲ್ಲ. ಚಾಪೆಯ ಮೇಲಿನಿಂದ ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅವರು ನಿದ್ದೆ ಮಾಡಿರಲೇ ಇಲ್ಲ. ಸುಳ್ಳು ಹೇಳೋಣವೆಂದು ಬಾಯಿ ತೆರೆದೆ, ಆದರೆ ಸುಳ್ಳು ಬರಲಿಲ್ಲ.

"ಸ್ವಲ್ಪ ಏರೇದಂತ್ರಿ" ಎಂದು ಪಿಸುಗುಟ್ಟಿದೆ. "ನಾಳೆ ಸ್ಕ್ಯಾನ್ ಅದ. ಅಲ್ಲೀತನಾ ಹಿಂಗ ಮಲಗಿರ್ಬೇಕಂತ."

ನಾ ಹೇಳಿದ್ದಿಲ್ಲೇನು ಎನ್ನುತ್ತಾರೆಂದು ಕಾದೆ. ಅವರು ಹಾಗೆನ್ನಲಿಲ್ಲ. ಆಮೇಲೆ ಕೈಯೂರಿ, ನೋವಿಗೆ ನರಳಿ, ಮಂಚದ ಕಡೆ ಸ್ವಲ್ಪ ಸರಿದುಕೊಂಡು ಚಾಪೆಯ ಮೇಲೆ ಜಾಗ ಮಾಡಿದರು. ಬಾಗಿಲ ಕಡೆಯ ಜಾಗ.

ನನಗೆ ಅಂಥದರಲ್ಲಿ ನಂಬಿಕೆಯಿಲ್ಲ. ನಾಳೆ ಕೇಳಿದರೂ ಇಲ್ಲವೆಂದೇ ಹೇಳುತ್ತೇನೆ. ನನ್ನ ದಿಂಬು ತಂದೆ, ಉತ್ತರದ ಗೋಡೆಗೆ ಒತ್ತಿ ಇಟ್ಟೆ, ಅತ್ತೆಯ ಪಕ್ಕದಲ್ಲಿ ಮಲಗಿದೆ. ಈಗ ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ನನ್ನ ತಲೆ. ಅತ್ತೆ ತಮ್ಮ ಒಣಗಿದ ಕೈಯನ್ನು ನನ್ನ ಹಣೆಯ ಮೇಲೆ ಇಟ್ಟರು. ಹೊರಗೆ ಲಿಫ್ಟು ಬಂದು ನಿಂತ ಸದ್ದಾಯಿತು. ನಾವಿಬ್ಬರೂ ಉಸಿರು ಹಿಡಿದು, ಅದು ಮುಂದಿನ ಮಹಡಿಗೆ ಹೋಗುವವರೆಗೂ ಬಾಗಿಲ ಕಡೆ ನೋಡಿದೆವು.